ಒಂಬತ್ತನೇ ನಂಬರಿನ ಮಣಿಕಟ್ಟು

ಗೆಳೆಯನನ್ನು ‘ನೀವು’ ಎಂದು ಕರೆಯಲು ಶುರುಮಾಡಿ ಕೋಚಿಗೆ ಹತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಜೋಡಿ ಬೂಟನ್ನು ಸರದಿಯ ಮೇಲೆ ಹಾಕಿಕೊಂಡು ಫುಟ್‌ಬಾಲ್ ಆಡಿದವರು. ಹದಿನೇಳು ವರ್ಷದೊಳಗಿನ ಹುಡುಗರ ರಾಷ್ಟ್ರೀಯ ತಂಡಕ್ಕೆ ಇವನನ್ನು ಕೋಚ್ ಮಾಡಿದಾಗ, ‘ಅವನಿಲ್ಲದೆ ನಾನು ಬರೋದಿಲ್ಲ’ ಎಂದು ಹಟ ಹಿಡಿದು ಗೆಳೆಯನನ್ನೂ ಸಹಾಯಕನಾಗಿ ಎಳೆದುಕೊಂಡಿದ್ದ. ಆ ಸಲದ ಅಂತರರಾಷ್ಟ್ರೀಯ ಟೂರ್ನಿಯಲ್ಲಿ ತಂಡದ ಒಬ್ಬ ಹುಡುಗನ ವಯಸ್ಸು ಹೆಚ್ಚು ಎಂದು ಸಾಬೀತಾಯಿತು. ಇಡೀ ತಂಡವನ್ನು ಅರ್ಧಕ್ಕೇ ಮನೆಗೆ ಕಳಿಸಿದರು. ವಿಚಾರಣೆಯ ದಿನ ಗೆಳೆಯ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ, ‘ಹುಡುಗರನ್ನ ಆರಿಸೋದೆಲ್ಲ ಅವರೇ. ನನಗೇನೂ ಗೊತ್ತಿಲ್ಲ’ ಎಂದುಬಿಟ್ಟ.

ಅವರೇ! ಮೂವತ್ತು ವರ್ಷದಲ್ಲಿ ಮೊದಲ ಸಲ ಗೆಳೆಯನ ಬಾಯಲ್ಲಿ ಅವನಿಗೆ ಬಹುವಚನ ಸಿಕ್ಕಿದ್ದು ಹಾಗೆ. ಹೊರಗೆ ಮೆಟ್ಟಿಲ ಮೇಲೆ ಗೆಳೆಯ ಹಿಂದಿನಿಂದ ಓಡಿಬಂದು, ‘ಲೋ, ನಿಲ್ಲೋ, ಒಂದ್ನಿಮಿಷ ಕೇಳೋ’ ಎಂದು ತೋಳು ಹಿಡಿದ. ಕೋಚ್ ಆ ಕೈಯನ್ನು ಮೆಲ್ಲಗೆ ಬಿಡಿಸಿ, ‘ನೀವು ಹೋಗಿ ಸರ್, ತಡವಾಗುತ್ತೆ’ ಎಂದ. ಅಷ್ಟೇ. ಆಮೇಲೆ ಒಬ್ಬ ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತ ಉಳಿದ, ಇನ್ನೊಬ್ಬ ಮೆಟ್ಟಿಲು ಹತ್ತುತ್ತ ಹತ್ತುತ್ತ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ.

ಈ ವರ್ಷ ಕಾರ್ಯದರ್ಶಿಯೇ ಫೋನ್ ಮಾಡಿದ. ‘ಈ ಸಲದ ತಂಡ ಚೆನ್ನಾಗಿದೆ ಕಣೋ. ನೀನೇ ಬೇಕು. ಇಲ್ಲ ಅನ್ಬೇಡ.’ ಕೋಚ್ ಇಲ್ಲ ಅನ್ನಲಿಲ್ಲ. ಅಂತಹ ಪ್ರೀತಿಯ ಹಿಂದೆ ಏನಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೆದ್ದರೆ ಹಾರ ಕಾರ್ಯದರ್ಶಿಯ ಕೊರಳಿಗೆ, ಏನಾದರೂ ಹೆಚ್ಚುಕಮ್ಮಿಯಾದರೆ ತಲೆ ಕೊಡಲು ಹಳೆಯ ಬಲಿಪಶು ಇದ್ದೇ ಇದೆ. ಆದರೂ ಒಪ್ಪಿಕೊಂಡ. ಹತ್ತು ವರ್ಷ ಹಸಿದವನು ಅನ್ನ ಯಾರು ಬಡಿಸಿದರು ಎಂದು ನೋಡುತ್ತ ಕೂರುವುದಿಲ್ಲ.

ಆ ಹತ್ತು ವರ್ಷ ಅವನಿಗೆ ಒಂದೇ ಒಂದು ಪಾಠ ಕಲಿಸಿತ್ತು. ಹುಡುಗರ ವಯಸ್ಸು ಕೇಳಬಾರದು. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಅಪರಾಧವಾಗುತ್ತದೆ. ಅವನ ಕಸುಬಿನಲ್ಲಿ ಇದು ಹೊಸ ಮಾತೇನಲ್ಲ, ಹುಡುಗರ ತಂಡ ಕಟ್ಟುವವರೆಲ್ಲ ನಡೆಸಿಕೊಂಡು ಬಂದ ದಾರಿಯೇ. ಹುಡುಗ ಬರುತ್ತಾನೆ, ಅವನ ಹುಟ್ಟಿದ ದಿನ ಒಂದು ಕಾಗದದಲ್ಲಿ ಮಡಚಿಕೊಂಡು ಅವನ ಜೊತೆ ಬರುತ್ತದೆ. ಕೋಚ್ ಆದವನು ಅವನ ಕಾಲು ನೋಡಬೇಕು, ಓಟ ನೋಡಬೇಕು, ಉಳಿದದ್ದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕು.

ಹಾಗೆ ಕಣ್ಣು ಮುಚ್ಚಿಕೊಂಡು ತಂದ ಹುಡುಗನೇ ಲಾರಿ. ಅಪ್ಪ ಲಾರಿ ಓಡಿಸುತ್ತಾನೆ, ಮಗನ ಮೈಕಟ್ಟೂ ಹಾಗೇ ಇದೆ ಎಂದು ಹುಡುಗರು ಇಟ್ಟ ಹೆಸರು. ಒಂಬತ್ತನೇ ನಂಬರಿನ ಅಂಗಿ ತೊಟ್ಟು ಚೆಂಡು ಹಿಡಿದು ನುಗ್ಗಿದನೆಂದರೆ ಬೆಂಚಿನ ಮೇಲಿನವರೆಲ್ಲ ‘ಲಾರಿ ಬಂತು, ದಾರಿ ಬಿಡಿ’ ಎಂದು ಕೂಗುತ್ತಿದ್ದರು. ಎದುರು ತಂಡದವರಿಗೆ ಭಾಷೆ ತಿಳಿಯದಿದ್ದರೂ ದಾರಿ ಮಾತ್ರ ಬಿಡುತ್ತಿದ್ದರು. ದಪ್ಪ ಮೀಸೆ, ಕೊಳಗದೊಳಗಿಂದ ಬಂದಂಥ ಗಡಸು ದನಿ. ಪರದೇಶದಲ್ಲಿ ನಡೆದ ಈ ಸಲದ ಟೂರ್ನಿಯಲ್ಲಿ ತಂಡ ಸೆಮಿಫೈನಲ್ ತಲುಪಿದ್ದೇ ಅವನ ಕಾಲಿನಿಂದ.

ಅವನು ಹದಿನಾರರ ಹುಡುಗನಲ್ಲ ಎಂಬುದು ಕೋಚಿಗೆ ಖಚಿತವಾದದ್ದು ತರಬೇತಿ ಶಿಬಿರದ ಕೊನೆಯಲ್ಲಿ. ತಂಡದ ಬಸ್ಸು ಇಕ್ಕಟ್ಟಾದ ಗೇಟಿನಲ್ಲಿ ಸಿಕ್ಕಿಹಾಕಿಕೊಂಡು ಡ್ರೈವರ್ ಬೆವರುತ್ತಿದ್ದ. ಲಾರಿ ‘ಸ್ವಲ್ಪ ಇಳೀರಿ ಅಣ್ಣ’ ಎಂದವನೇ ಸೀಟಿಗೆ ಹತ್ತಿ, ಎರಡು ಸಲ ಸ್ಟೇರಿಂಗ್ ತಿರುಗಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಸ್ಸನ್ನು ಹಿಂದಕ್ಕೆ ತೆಗೆದ. ಹುಡುಗರು ಚಪ್ಪಾಳೆ ಹೊಡೆದರು. ಕೋಚ್ ಮಾತ್ರ ಲೆಕ್ಕ ಹಾಕಿದ. ಹೀಗೆ ಗಾಡಿ ಓಡಿಸಬೇಕಾದರೆ ಇವನಿಗೆ ಇಪ್ಪತ್ತಾದರೂ ಆಗಿರಬೇಕು. ‘ನೀವು ನಂಗೆ ಅಪ್ಪ ಇದ್ದ ಹಾಗೆ ಸರ್’ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಹುಡುಗನೂ ತನಗೆ ಮೋಸ ಮಾಡಿದ್ದಾನೆ! ಅವತ್ತಿನಿಂದ ಲಾರಿಯ ಪ್ರತಿಯೊಂದು ಗೋಲಿಗೂ ಕೋಚ್ ಎದ್ದು ಕುಣಿದ, ಕುಣಿಯುತ್ತಲೇ ಒಳಗೊಳಗೇ ಉರಿದ.

ಸೆಮಿಫೈನಲ್ಲಿಗೆ ಎರಡು ದಿನ ಇರುವಾಗ ಟೂರ್ನಿಯವರು ಕೋಚ್‌ಗಳನ್ನೆಲ್ಲ ಕರೆದು ಕೂರಿಸಿದರು. ಗಾಜಿನ ಬಟ್ಟಲಿನಲ್ಲಿ ಸಣ್ಣ ಚೆಂಡುಗಳು, ಒಂದೊಂದರ ಮೇಲೂ ಒಂದು ನಂಬರ್. ಪ್ರತಿ ತಂಡದಿಂದ ನಾಲ್ವರನ್ನು ಚೀಟಿ ಎತ್ತಿದ ಹಾಗೆ ಎತ್ತಿ ಮಣಿಕಟ್ಟಿನ ಸ್ಕ್ಯಾನ್ ಮಾಡಿಸುವುದು. ಬೆಳೆಯುವ ಮಕ್ಕಳ ಮಣಿಕಟ್ಟಿನ ಮೂಳೆಯ ತುದಿಯಲ್ಲಿ ಸಣ್ಣ ಸಂದು ಇರುತ್ತದೆ. ಬೆಳವಣಿಗೆ ಮುಗಿದಂತೆ ಆ ಸಂದು ಮುಚ್ಚಿ ಮೂಳೆ ಬೆಸೆದುಕೊಳ್ಳುತ್ತದೆ. ಮೂಳೆಯ ಕೈಲಿ ಸುಳ್ಳು ಹೇಳಿಸಲು ಯಾವ ಅಪ್ಪನಿಂದಲೂ ಆಗುವುದಿಲ್ಲ. ಕನ್ನಡಕದ ಅಧಿಕಾರಿಣಿ ನಗುನಗುತ್ತ ಇವರ ತಂಡದ ಬಟ್ಟಲಿಗೆ ಕೈಹಾಕಿ ಮೊದಲು ಎತ್ತಿದ್ದೇ ಒಂಬತ್ತು.

ಕೋಚಿನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೋಟೆಲಿಗೆ ಹಿಂತಿರುಗುವ ಕಾರಿನಲ್ಲಿ ಎಲ್ಲವೂ ಅವನ ಕಣ್ಣೆದುರು ನಡೆದುಹೋಯಿತು. ಸ್ಕ್ಯಾನಿನಲ್ಲಿ ಲಾರಿ ಸಿಕ್ಕಿಬೀಳುವುದು, ತಂಡ ಮತ್ತೆ ಅರ್ಧಕ್ಕೇ ಗಂಟುಮೂಟೆ ಕಟ್ಟುವುದು, ಈ ಸಲ ಅವನಿಗೆ ಜೀವಮಾನದ ನಿಷೇಧ. ವಿಚಾರಣೆಯ ಮೇಜಿನಾಚೆ ಕಾರ್ಯದರ್ಶಿ, ಪಕ್ಕದಲ್ಲಿ ಅದೇ ನೀರಿನ ಲೋಟ, ಅದೇ ‘ಅವರೇ’. ಅದೊಂದು ಮಾತನ್ನು ಎರಡನೇ ಸಲ ಕೇಳುವುದಕ್ಕಿಂತ ಯಾವ ಪಾಪವಾದರೂ ಮೇಲು ಅನ್ನಿಸಿತು. ಕಾರು ಹೋಟೆಲು ಮುಟ್ಟುವ ಹೊತ್ತಿಗೆ ಯೋಜನೆ ತಯಾರಾಗಿತ್ತು.

ಲಾರಿಯ ಬದಲು ಬೇರೆ ಹುಡುಗನ ಕೈ ಯಂತ್ರದೊಳಗೆ ಹೋಗಬೇಕು. ಅಷ್ಟೇ ಕೆಲಸ. ಆಸ್ಪತ್ರೆಯಲ್ಲಿ ನೋಡುವುದು ಕೊರಳಿಗೆ ನೇತುಹಾಕಿದ ಗುರುತಿನ ಕಾರ್ಡು. ಅದರಲ್ಲಿ ಮುಖದ ಫೋಟೊ ಇದೆ, ಎತ್ತರವಿಲ್ಲ, ತೂಕವಿಲ್ಲ. ಆ ಫೋಟೊಗಳ ಕತೆಯಂತೂ ಕೇಳುವುದೇ ಬೇಡ. ಹೊರಡುವ ಮುನ್ನ ನಾಯಕನ ಮಾತಿಗೆ ಕಟ್ಟುಬಿದ್ದು ಇಡೀ ತಂಡ ಒಗ್ಗಟ್ಟಿನ ಗುರುತಾಗಿ ತಲೆ ಬೋಳಿಸಿಕೊಂಡಿತ್ತು. ಮರುದಿನವೇ ಕಾರ್ಡಿನ ಫೋಟೊ ತೆಗೆದರು. ಒಂದೇ ಗೋಡೆ, ಒಂದೇ ಅಂಗಿ, ನುಣ್ಣಗೆ ಕ್ಷೌರವಾದ ಮುಖಗಳು, ಸಾಲಾಗಿ ಬೋಳುತಲೆ. ಹೆತ್ತ ತಾಯಂದಿರೇ ಎರಡು ಸಲ ನೋಡಿ ಗುರುತು ಹಿಡಿಯಬೇಕಾದ ಫೋಟೊಗಳು.

ಯಾರ ಕೈ? ಅದಕ್ಕೂ ಯೋಚಿಸಬೇಕಾಗಿರಲಿಲ್ಲ. ತಂಡದಲ್ಲಿ ಗುಬ್ಬಿ ಇದ್ದ. ಬದಲಿ ಆಟಗಾರ, ಲಾರಿಯ ಎದೆಯಷ್ಟು ಎತ್ತರ, ಒಂದು ಕೂದಲೂ ಕಾಣದ ಕೆನ್ನೆ. ಮಾತು ಅಪರೂಪ, ಆಡಿದರೂ ಪಿಸುಮಾತು. ಎಂಥ ನಾಚಿಕೆಯೆಂದರೆ ಉಳಿದ ಹುಡುಗರು ಏಳುವ ಮೊದಲೇ ಬಚ್ಚಲ ಬಾಗಿಲು ಹಾಕಿಕೊಂಡು ಸ್ನಾನ ಮುಗಿಸಿರುತ್ತಿದ್ದ. ಇವನ ಕೈಯನ್ನು ಯಂತ್ರದಲ್ಲಿಟ್ಟರೆ ಯಂತ್ರವೇ ಮುದ್ದು ಮಾಡಿ ಕಳಿಸಬೇಕು. ಇದ್ದ ತೊಡಕು ಒಂದೇ. ಫೋಟೊದಲ್ಲಿ ಲಾರಿಯ ಮುಖ ದುಂಡಗಿತ್ತು, ಗುಬ್ಬಿಯದು ಸಣಕಲು. ಆದರೆ ಅದೃಷ್ಟ ನೋಡಿ, ಎರಡು ದಿನದಿಂದ ಗುಬ್ಬಿಯ ಬಲಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ‘ಹೋಟೆಲಲ್ಲಿ ಚಾಕೊಲೇಟ್ ಪುಕ್ಕಟೆ ಅಂತ ಮುಕ್ಕಿದ್ರೆ ಇನ್ನೇನಾಗುತ್ತೆ’ ಎಂದು ಬೈದು ಕೋಚೇ ನೋವಿನ ಮಾತ್ರೆ ಕೊಟ್ಟಿದ್ದ. ಆ ಊತ ಈಗ ದೇವರೇ ಕಳಿಸಿದ ವೇಷವಾಗಿ ಕಂಡಿತು. ಎಡಗೆನ್ನೆಗೆ ಒಂದಿಷ್ಟು ಹತ್ತಿ ಒತ್ತಿದರೆ ಲಾರಿಯ ತಮ್ಮನ ಹಾಗಾದರೂ ಕಾಣುತ್ತಾನೆ.

ಗುಬ್ಬಿಯನ್ನು ಕೋಣೆಗೆ ಕರೆದು ಹೇಳಿದ. ಲಾರಿಗೆ ಇಕ್ಕಟ್ಟಾದ ಜಾಗ ಕಂಡರೆ ಭಯ, ಯಂತ್ರದೊಳಗೆ ಕೂತರೆ ಎದೆ ಹಿಡಿದುಕೊಳ್ಳುತ್ತೆ, ಸೆಮಿಫೈನಲ್ ಹಾಳಾಗುತ್ತೆ, ಒಂದೈದು ನಿಮಿಷದ ಕೆಲಸ. ಗುಬ್ಬಿ ಬೆರಳು ಹಿಸುಕಿಕೊಳ್ಳುತ್ತ ನಿಂತ.

‘ನಾನೇ ಆಗ್ಬೇಕಾ ಸರ್? ಬೇರೆ ಯಾರಾದ್ರೂ...’

‘ನೀನೇ ಆಗ್ಬೇಕು. ಯಾಕೆ, ಭಯಾನಾ?’

‘ಹಾಗಲ್ಲ ಸರ್. ಅದು...’

‘ಅದೂ ಇಲ್ಲ ಇದೂ ಇಲ್ಲ. ಸೆಮಿಫೈನಲ್ಲಲ್ಲಿ ನಿನ್ನನ್ನೂ ಆಡಿಸ್ತೀನಿ. ಸರಿನಾ?’

ಗುಬ್ಬಿ ನೆಲ ನೋಡುತ್ತ ಆಗಲಿ ಎಂಬಂತೆ ತಲೆಯಾಡಿಸಿದ. ಮಗು, ಸೂಜಿಗೀಜಿ ಇರುತ್ತದೆಂದು ಹೆದರಿದೆ ಎಂದುಕೊಂಡ ಕೋಚ್, ಅದರ ಬೋಳುತಲೆ ಸವರಿದ.

ಚೀಟಿಯಲ್ಲಿ ಬಂದಿದ್ದ ಉಳಿದ ಮೂವರಿಗೂ ಅದೇ ಕತೆ ಹೇಳಿ, ‘ತಂಡದ ಗುಟ್ಟು, ಬಾಯಿ ಬಿಡಬಾರದು’ ಎಂದ. ಫೈನಲ್ ಕನಸು ಕಾಣುವ ಹುಡುಗರು ಅವರು, ಬಾಯಿಗೆ ಬೀಗ ಹಾಕಿಕೊಂಡರು. ಉಳಿದವನು ಲಾರಿ. ಅವನ ಕಣಕಾಲಿಗೆ ಮಂಜುಗಡ್ಡೆ ಕಟ್ಟಿಸಿ ಹಾಸಿಗೆಗೆ ಅಂಟಿಸಿದ.

‘ನಿನ್ನ ನಂಬರ್ ಬಂದಿಲ್ಲ. ಆರಾಮಾಗಿ ಮಲಗು.’

‘ಬಂದಿದ್ರೂ ಪರವಾಗಿಲ್ಲ ಸರ್,’ ಲಾರಿ ನಕ್ಕ. ‘ಶಿಬಿರದಲ್ಲಿ ಬಿದ್ದು ಕೈ ಉಳುಕಿತ್ತಲ್ಲ, ಆಗ ಆ ಮಷಿನ್‌ಗೆ ಹೋಗಿ ಬಂದಿದೀನಿ. ಸದ್ದು ಜೋರು ಅಷ್ಟೇ.’

ಕೋಚಿಗೆ ನೆನಪಿತ್ತು. ಅವತ್ತು ಕಾರ್ಯದರ್ಶಿ ತನ್ನ ಕಾರನ್ನೇ ಕಳಿಸಿ, ಲಾರಿಯನ್ನು ದೊಡ್ಡ ಆಸ್ಪತ್ರೆಗೆ ಕರೆಸಿಕೊಂಡು, ಸ್ಕ್ಯಾನ್ ಮುಗಿಯುವವರೆಗೂ ಬಾಗಿಲಲ್ಲಿ ಕೂತಿದ್ದನಂತೆ. ಮೊಸಳೆ ಕಣ್ಣೀರು ಎಂದು ಕೋಚ್ ಅವತ್ತು ಮುಖ ತಿರುಗಿಸಿದ್ದ. ಇವತ್ತೂ ಅವನಿಗೆ ಕಂಡದ್ದು ಹುಡುಗನ ಭಂಡತನ ಮಾತ್ರ. ಎಷ್ಟು ಸಲೀಸಾಗಿ ನಗುತ್ತಾನೆ! ತನ್ನ ಬಂಡವಾಳ ಬಯಲಾಗದಂತೆ ಇನ್ನೊಬ್ಬ ಒದ್ದಾಡುತ್ತಿದ್ದರೆ ಇವನು ಮಲಗಿ ಹಲ್ಲು ಕಿರಿಯುತ್ತಾನೆ. ಲಾರಿಯ ಕೊರಳಿನಿಂದ ಕಾರ್ಡನ್ನು ಮಾತ್ರ ಏನೋ ನೆಪ ಹೇಳಿ ತೆಗೆದುಕೊಂಡು ಹೊರಬಂದ.

ಅದೇ ಸಂಜೆ ಆಸ್ಪತ್ರೆಯಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಕೋಚ್ ತಾನೇ ಮುಂದೆ ನಿಂತು ನಾಲ್ಕು ಕಾರ್ಡುಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟ. ಗುಬ್ಬಿಯನ್ನು ಮೂರನೆಯವನಾಗಿ ನಿಲ್ಲಿಸಿದ್ದ. ನೋಡುವ ಕಣ್ಣು ಮೊದಲನೆಯವನನ್ನು ಸೂಕ್ಷ್ಮವಾಗಿ ನೋಡುತ್ತದೆ, ಕೊನೆಯವನ ಹೊತ್ತಿಗೆ ಮತ್ತೆ ಎಚ್ಚರವಾಗುತ್ತದೆ, ನಡುವಿನವರು ಸುಮ್ಮನೆ ದಾಟಿಹೋಗುತ್ತಾರೆ. ಗುಬ್ಬಿ ದೊಡ್ಡ ಜಾಕೀಟಿನೊಳಗೆ ಮುದುಡಿಕೊಂಡಿದ್ದ. ಮೇಜಿನ ಹಿಂದಿದ್ದ ನಡುವಯಸ್ಸಿನ ಹೆಂಗಸು ಕಾರ್ಡು ನೋಡಿದಳು, ಮುಖ ನೋಡಿದಳು. ಅವಳ ಕಣ್ಣು ಊದಿದ ಕೆನ್ನೆಯ ಮೇಲೆ ನಿಂತಿತು.

‘ಅಯ್ಯೋ ಪಾಪ, ಹಲ್ಲುನೋವಾ?’

‘ಹೌದು. ಚಾಕೊಲೇಟ್ ಜಾಸ್ತಿ ಆಗಿದೆ,’ ಕೋಚ್ ನಕ್ಕ.

‘ನೋವು ಇಟ್ಕೊಂಡು ಹೇಗೆ ಆಡ್ತಾನೆ? ನಮ್ಮಲ್ಲೇ ಹಲ್ಲಿನ ಡಾಕ್ಟರ್ ಇದ್ದಾರೆ, ತೋರಿಸಲಾ?’

‘ಬೇಡ ಬೇಡ. ನಮ್ಮವರು ನೋಡ್ಕೋತಾರೆ.’

ಅವಳು ತನ್ನ ಮಗನನ್ನು ನೋಡುವಂತೆ ಗುಬ್ಬಿಯನ್ನು ನೋಡಿ, ಒಳಗೆ ಬಿಟ್ಟಳು. ಯಂತ್ರ ಗುಡುಗಿತು, ನಿಂತಿತು. ಕೋಚ್ ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತ. ಒಂದು ಹೆಂಗಸಿನ ಕರುಣೆಯನ್ನೂ ತನ್ನ ಕೆಲಸಕ್ಕೆ ದುಡಿಸಿಕೊಂಡೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಮೆಚ್ಚುಗೆಯಾಯಿತು. ಹತ್ತು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಎಲ್ಲೂ ಕೂತಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಟೂರ್ನಿಯ ಕನ್ನಡಕದ ಅಧಿಕಾರಿಣಿ ಹೋಟೆಲಿಗೆ ಬಂದಳು. ಈ ಸಲ ನಗುತ್ತಿರಲಿಲ್ಲ. ಮೂವರ ಮಣಿಕಟ್ಟು ಸರಿಯಾಗಿದೆ. ಒಂಬತ್ತನೇ ನಂಬರಿನವನದು ಪೂರ್ತಿ ಬೆಸೆದುಹೋಗಿದೆ, ಅನುಮಾನಕ್ಕೆ ಜಾಗವೇ ಇಲ್ಲ.

ಕೋಚಿಗೆ ನಂಬಲಾಗಲಿಲ್ಲ. ಬೆಸೆದಿದೆಯೇ? ಗುಬ್ಬಿಯದೇ? ಯಂತ್ರ ಕೆಟ್ಟಿರಬೇಕು, ಯಾರದೋ ಚಿತ್ರ ಯಾರದೋ ಹೆಸರಿಗೆ ಸೇರಿರಬೇಕು. ‘ಅದು ಅವನ ಕೈಯೇ ಅಲ್ಲ’ ಎಂಬ ಮಾತು ತುಟಿಯವರೆಗೂ ಬಂತು. ಅದೊಂದು ಮಾತನ್ನು ಮಾತ್ರ ಈ ಭೂಮಿಯ ಮೇಲೆ ಅವನು ಆಡುವ ಹಾಗಿರಲಿಲ್ಲ. ನುಂಗಿಕೊಂಡ.

ಲಾರಿಯನ್ನು ಕರೆಸಿದರು. ಹುಡುಗರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ವಿಷಯ ಕೇಳಿ ಲಾರಿ ಮೊದಲು ನಕ್ಕ, ಆಮೇಲೆ ಕೋಚಿನ ಕಡೆ ತಿರುಗಿದ.

‘ನನ್ನ ನಂಬರ್ ಬಂದಿಲ್ಲ ಅಂದ್ರಲ್ಲ ಸರ್?’

ಅವನು ತಮ್ಮ ಭಾಷೆಯಲ್ಲಿ ಹೇಳಿದ್ದರಿಂದ ಅಧಿಕಾರಿಣಿಗೆ ತಿಳಿಯಲಿಲ್ಲ. ಕೋಚ್ ಅವನ ಭುಜ ಹಿಡಿದು ಕಿಟಕಿಯ ಹತ್ತಿರ ಎಳೆದೊಯ್ದ. ‘ಸುಮ್ಮನಿರು. ನಿನ್ನನ್ನ ಉಳಿಸೋಕೇ ಮಾಡಿದ್ದು. ನಿನಗೆ ವಯಸ್ಸಾಗಿದೆ ಅಂತ ನಂಗೆ ಗೊತ್ತು.’

‘ನಂಗಾ?’ ಆ ಕೊಳಗದಂಥ ದನಿ ಒಡೆದು ಮಗುವಿನ ದನಿಯಾಯಿತು. ‘ನಂಗೆ ಹದಿನಾರು ತುಂಬಿ ಮೂರು ತಿಂಗಳಾಗಿದೆ ಸರ್. ಬಸ್ ಓಡಿಸಿದ್ದಕ್ಕಾ? ಎಂಟು ವರ್ಷದಿಂದ ಅಪ್ಪನ ಪಕ್ಕ ಕೂತು ಕಲ್ತಿದೀನಿ. ಒಂದು ಮಾತು ಕೇಳಬಹುದಿತ್ತಲ್ಲ ಸರ್. ನೀವು ಕೇಳಿದ್ರೆ ಹೇಳ್ತಿರ್ಲಿಲ್ವಾ ನಾನು?’

ಅಷ್ಟರಲ್ಲಿ ಕೋಚಿನ ಜೇಬಿನಲ್ಲಿ ಫೋನ್ ಗುನುಗಿತು. ಕಾರ್ಯದರ್ಶಿ. ಬಂತು, ನೀರಿನ ಲೋಟ ಬಂತು ಎಂದುಕೊಂಡು ಕಿವಿಗಿಟ್ಟ.

‘ಲೋ, ಹೆದರಬೇಡ ಕಣೋ. ಈಗಷ್ಟೇ ನಂಗೆ ತಿಳಿಸಿದ್ರು. ಎಲ್ಲೋ ತಪ್ಪಾಗಿದೆ. ಆ ಹುಡುಗನ ಕೈ ಉಳುಕಿದಾಗ ನಾನೇ ನಿಂತು ಸ್ಕ್ಯಾನ್ ಮಾಡಿಸಿದ್ದೆ. ಮೂಳೆ ಇನ್ನೂ ಬೆಳೀತಾ ಇದೆ, ಎಳಸು ಅಂತ ಡಾಕ್ಟರೇ ತೋರಿಸಿದ್ರು. ಆ ಚಿತ್ರ ನನ್ನ ಹತ್ರ ಇದೆ, ಟೂರ್ನಿಯವರಿಗೆ ಕಳಿಸ್ಬಿಟ್ಟೆ. ಹುಡುಗನನ್ನ ಈಗಿಂದೀಗಲೇ ಮತ್ತೆ ಸ್ಕ್ಯಾನ್ ಮಾಡಿ ಅಂತ ಪಟ್ಟು ಹಿಡಿದಿದೀನಿ.’

‘ಬೇಡ,’ ಎಂದ ಕೋಚ್. ಆ ಕಡೆಯವನು ಕೇಳಿಸಿಕೊಳ್ಳಲಿಲ್ಲ.

‘ಅವತ್ತು ನಿನ್ನ ಪರವಾಗಿ ಬಾಯಿ ಬಿಡಲಿಲ್ಲ ನಾನು. ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಹತ್ತು ವರ್ಷದಿಂದ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಸಲ ಬಿಡಲ್ಲ. ನಿನ್ನ ಹೆಸರಿಗೆ ಒಂದು ಚುಕ್ಕೆ ಬೀಳೋಕೂ ಬಿಡಲ್ಲ, ಕೇಳಿಸ್ತಾ?’

‘ಕೇಳಿಸ್ತು ಕಣೋ,’ ಎಂದ ಕೋಚ್. ಹತ್ತು ವರ್ಷದ ಮೇಲೆ ಆ ‘ಕಣೋ’ ತಾನಾಗಿ ಬಾಯಿಂದ ಬಿದ್ದಿತ್ತು, ಆದರೆ ಬಿದ್ದ ಜಾಗ ಸರಿಯಿರಲಿಲ್ಲ. ಅಳು ಬರುವಂತಾಯಿತು. ಇನ್ನೂ ಸಮಯವಿದೆ, ಮತ್ತೆ ಸ್ಕ್ಯಾನ್ ಮಾಡಿದರೆ ಲಾರಿಯ ಕೈ ಶುದ್ಧವೆಂದೇ ಬರುತ್ತದೆ. ಮೊದಲಿನದು ಯಂತ್ರದ ತಪ್ಪು ಎಂದು ಎಲ್ಲರೂ ಕೈತೊಳೆದುಕೊಳ್ಳಬಹುದು. ಹುಡುಗರು ಬಾಯಿ ಬಿಡುವುದಿಲ್ಲ, ಲಾರಿಯ ಕಾಲಿಗೆ ಬಿದ್ದಾದರೂ ಒಪ್ಪಿಸಬಹುದು. ಹೌದು, ಇನ್ನೂ ದಾರಿಯಿದೆ. ಅವನು ಮುಖ ಒರೆಸಿಕೊಂಡು, ನೆಟ್ಟಗೆ ನಿಂತು, ಅಧಿಕಾರಿಣಿಯ ಕಡೆ ಹೆಜ್ಜೆಯಿಟ್ಟ.

ಆಗ ಬಾಗಿಲಲ್ಲಿದ್ದ ಹುಡುಗರನ್ನು ಸರಿಸಿಕೊಂಡು, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದ ಯುವತಿಯೊಬ್ಬಳು ಒಳಗೆ ಬಂದಳು. ಆಸ್ಪತ್ರೆಯ ಹಲ್ಲಿನ ಡಾಕ್ಟರ್. ನಿನ್ನೆ ಮೇಜಿನ ಹತ್ತಿರ ಕೂತಿದ್ದಾಕೆ ಮನಸ್ಸು ತಡೆಯದೆ ಕಳಿಸಿದ್ದಳಂತೆ, ಒಂಬತ್ತನೇ ನಂಬರಿನ ಹುಡುಗನ ಕೆನ್ನೆ ಊದಿದೆ, ಒಂದು ಸಲ ನೋಡಿಬಾ ಎಂದು. ‘ಒಂಬತ್ತನೇ ನಂಬರ್ ಯಾರು?’ ಎಂದಳು. ಅಧಿಕಾರಿಣಿ ಲಾರಿಯನ್ನು ತೋರಿಸಿದಳು. ಡಾಕ್ಟರ್ ಅವನ ಎರಡೂ ಕೆನ್ನೆ ಮುಟ್ಟಿ, ಬಾಯೊಳಗೆ ಟಾರ್ಚ್ ಬಿಟ್ಟು, ‘ಇವನ ಹಲ್ಲು ಮುತ್ತಿನಂತಿವೆಯಲ್ಲ, ಊತವೇ ಇಲ್ಲ’ ಎಂದು ಹುಬ್ಬೇರಿಸಿದಳು. ಅಧಿಕಾರಿಣಿಯ ಕನ್ನಡಕ ನಿಧಾನವಾಗಿ ಕೋಚಿನ ಕಡೆ ತಿರುಗಿತು. ಅಷ್ಟರಲ್ಲಿ ಡಾಕ್ಟರಿಗೆ ಬಾಗಿಲ ಮೂಲೆಯಲ್ಲಿ ಕೆನ್ನೆ ಹಿಡಿದು ನಿಂತ ಗುಬ್ಬಿ ಕಂಡ. ‘ಓ, ನೀನಾ?’ ಎಂದು ಹೋಗಿ ಅವನ ಗಲ್ಲ ಎತ್ತಿ ಬಾಯಿ ತೆರೆಸಿದಳು. ‘ಇದು ಚಾಕೊಲೇಟೂ ಅಲ್ಲ, ಹುಳುಕೂ ಅಲ್ಲ. ಬುದ್ಧಿಹಲ್ಲು ಬರ್ತಿದೆ, ಅದಕ್ಕೇ ಊದಿದೆ. ಈ ವಯಸ್ಸಿಗೆ ಎಲ್ಲರಿಗೂ ಬರೋದೇ, ಹೆದರಬೇಡ,’ ಎಂದು ಸಮಾಧಾನ ಹೇಳಿ, ಪೆಟ್ಟಿಗೆ ತೆರೆಯುತ್ತ, ‘ನಿನಗೆಷ್ಟು ವಯಸ್ಸು?’ ಎಂದು ಕೇಳಿದಳು. ತಂಡಕ್ಕೆ ಬಂದಾಗಿನಿಂದ ಗುಬ್ಬಿಯನ್ನು ಆ ಪ್ರಶ್ನೆ ಕೇಳಿದವರು ಅವಳೇ ಮೊದಲು. ಅವನು ಕೋಚಿನ ಮುಖ ನೋಡಿದ, ಲಾರಿಯ ಮುಖ ನೋಡಿದ, ಆಮೇಲೆ ಎಂದಿನ ಪಿಸುಮಾತಿನಲ್ಲಲ್ಲ, ಗಂಡಸಿನ ತುಂಬು ದನಿಯಲ್ಲಿ ‘ಹತ್ತೊಂಬತ್ತು’ ಎಂದ.